ನಡುವಿನ ಒಂದು ಒತ್ತು

ಕರಿಸಿದ್ದಯ್ಯ ಗೇರು ಬದಲಾಯಿಸಿದರೆ ಬಸ್ಸಿನಲ್ಲಿ ತೂಕಡಿಸುತ್ತಿದ್ದವರಿಗೆ ಎಚ್ಚರವಾಗುತ್ತಿರಲಿಲ್ಲ. ಇದೇನು ಬಾಯುಪಚಾರದ ಮಾತಲ್ಲ. ಮದ್ದೂರಿನಿಂದ ಮಳವಳ್ಳಿಗೆ, ಅಲ್ಲಿಂದ ಕಿರುಗಾವಲಿಗೆ ಹೋಗಿಬರುತ್ತಿದ್ದ ಆ ಬಸ್ಸಿಗೆ ಅವನು ಡ್ರೈವರು, ಅಂಕಯ್ಯನೆಂಬ ನಾನು ಕಂಡಕ್ಟರು. ಅವನಂಥ ಕೈ, ಅವನಂಥ ಕಾಲು ಇನ್ನೊಬ್ಬನಿಗಿರಲಿಲ್ಲ. ಅವನಂಥ ಹೊಟ್ಟೆಕಿಚ್ಚಿನವನೂ ಇನ್ನೊಬ್ಬನಿರಲಿಲ್ಲ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅವನ ಕಥೆ ಹೇಳಿದ ಹಾಗಾಗುವುದಿಲ್ಲ.

ಆತಗೂರಿನ ಕಡೆಯವನು. ಎತ್ತಿನ ಗಾಡಿ ಹೊಡೆದುಕೊಂಡಿದ್ದವನು ಮೋಟಾರಿಗೆ ಬಂದದ್ದು. ಎತ್ತಿನ ಬಾಲ ಮುಟ್ಟದೆ ಗಾಡಿ ಓಡಿಸುತ್ತಿದ್ದನಂತೆ, ಹಾಗೆಯೇ ಎಂಜಿನ್ನಿಗೂ ನೋವಾಗದ ಹಾಗೆ ಬಸ್ಸು ಓಡಿಸುತ್ತಿದ್ದ. ಆ ಕಾಲದ ಗೇರು ಎಂದರೆ ಪೆಟ್ಟಿಗೆಯೊಳಗೆ ತಿರುಗುವ ಹಲ್ಲಿನ ಚಕ್ರಗಳು. ಒಂದರ ವೇಗಕ್ಕೆ ಇನ್ನೊಂದು ಹೊಂದದೆ ಇರುವಾಗ ಕಡ್ಡಿ ಎಳೆದರೆ ಹಲ್ಲಿಗೆ ಹಲ್ಲು ತಾಗಿ ಬಸ್ಸೆಲ್ಲ ನಡುಗುವಂತೆ ಕರಕರ ಸದ್ದು. ಅದಕ್ಕೇ ಕ್ಲಚ್ಚನ್ನು ಒಂದು ಸಲ ಒತ್ತಿ ಇದ್ದ ಗೇರು ಬಿಡಿಸಬೇಕು, ಕಾಲು ತೆಗೆದು ಎಂಜಿನ್ನನ್ನು ಒಮ್ಮೆ ಬುಸ್ಸೆನ್ನಿಸಬೇಕು, ಮತ್ತೆ ಕ್ಲಚ್ಚು ಒತ್ತಿ ಬೇಕಾದ ಗೇರಿಗೆ ಹಾಕಬೇಕು. ಎರಡು ಗೇರುಗಳ ನಡುವಿನ ಆ ಎರಡನೆಯ ಒತ್ತೇ ವಿದ್ಯೆಯ ಗುಟ್ಟು. ಕರಿಸಿದ್ದಯ್ಯನ ಎಡಗಾಲು ಇದನ್ನೆಲ್ಲ ಎಷ್ಟು ಹಗುರವಾಗಿ ಮಾಡುತ್ತಿತ್ತೆಂದರೆ, ಪಕ್ಕದಲ್ಲಿ ನಿಂತಿದ್ದ ನನಗೂ ಅದು ಒಂದೇ ಒತ್ತಿನಂತೆ ಕಾಣುತ್ತಿತ್ತು.

ಬಸ್ಸು ಮದ್ದೂರಿನ ಬೆಲ್ಲದ ಮಂಡಿ ಸಾಹುಕಾರ ಚಿಕ್ಕಮಾದಯ್ಯನವರದು. ಅವರು ಮಾತಿಗೊಮ್ಮೆ ಹೇಳುತ್ತಿದ್ದರು: "ನಾನೊಂದು ಕಾರು ಅಂತ ತಗಂಡ್ರೆ ಅದ್ಕೆ ನೀನೇ ಕಣಯ್ಯ ಡ್ರೈವರು. ಬ್ಯಾರೆಯವ್ರಿಗೆ ಮುಟ್ಟಕ್ಕೂ ಬುಡಾಕಿಲ್ಲ." ಈ ಮಾತನ್ನು ಕರಿಸಿದ್ದಯ್ಯ ಸೆರಗಿನ ಗಂಟಿನ ಹಾಗೆ ಕಾಪಾಡಿಕೊಂಡು ಬಂದಿದ್ದ. ಬರದೇ ಇದ್ದ ಆ ಕಾರನ್ನು ಮನಸ್ಸಿನಲ್ಲೇ ತೊಳೆದು ಒರೆಸಿ ಇಟ್ಟಿದ್ದ.

ಅಷ್ಟರಲ್ಲಿ ಅವನ ಹೆಂಡತಿ ಸೋಮಮ್ಮನ ತಮ್ಮ ಕೆಂಪಸಿದ್ದಯ್ಯ ಡ್ರೈವರಿಕೆ ಕಲಿಯುತ್ತೇನೆಂದು ಮನೆಗೆ ಬಂದು ಸೇರಿಕೊಂಡ. ಗಟ್ಟಿ ಆಳು, ಬಾಯಿ ತುಂಬ ನಗು, ಊರಿಗೆಲ್ಲ ಬೇಕಾದವನು. ಕರಿಸಿದ್ದಯ್ಯ ಬಾಮೈದನಿಗೆ ಸ್ಟೇರಿಂಗ್ ಹಿಡಿಯುವುದು, ಬ್ರೇಕು, ಕೆರೆ ಏರಿ ಮೇಲೆ ಎದುರು ಗಾಡಿಗೆ ದಾರಿ ಬಿಡುವುದು ಎಲ್ಲವನ್ನೂ ಕಲಿಸಿದ. ನಡುವಿನ ಆ ಒತ್ತನ್ನು ಮಾತ್ರ ಹೇಳಲಿಲ್ಲ. ಪಾಪ, ಕೆಂಪಸಿದ್ದಯ್ಯ ಕ್ಲಚ್ಚನ್ನು ಕೆಸರು ತುಳಿದಂತೆ ತುಳಿದು ಗೇರಿನ ಕಡ್ಡಿಯ ಜೊತೆ ಕುಸ್ತಿ ಮಾಡುತ್ತಿದ್ದ. ಪೆಟ್ಟಿಗೆ ಚೀರುತ್ತಿತ್ತು. ಹಿಂದಿನ ಸೀಟಿನವರು ಬಿಡುತ್ತಾರೆಯೇ? "ಏನ್ಲಾ ಕೆಂಪ, ಬಸ್ ಓಡುಸ್ತಿದ್ದೀಯೋ, ರಾಗಿ ಬೀಸ್ತಿದ್ದೀಯೋ?" ಎಂದು ಆಡಿಕೊಳ್ಳುತ್ತಿದ್ದರು. ಕರಿಸಿದ್ದಯ್ಯ ಆಗ ಕಿಟಕಿಯ ಕಡೆ ತಿರುಗಿ ಕುಳಿತುಕೊಳ್ಳುತ್ತಿದ್ದ. ಅವನು ನಗುತ್ತಿದ್ದಾನೆಂದು ನನಗೆ ಗೊತ್ತು.

"ಯಾಕಣ್ಣ, ಅವ್ನಿಗೆ ಅದೊಂದ ಏಳ್ಕೊಡ್ಬಾರ್ದಾ?" ಎಂದು ಒಮ್ಮೆ ಕೇಳಿದೆ.

"ಏಳ್ಕೊಟ್ರೆ ಬತ್ತದೇನ್ಲಾ? ಉಟ್ತಾ ಬರ್ಬೇಕು," ಎಂದ. ಹುಟ್ಟುತ್ತಾ ಎತ್ತಿನ ಹಗ್ಗ ಹಿಡಿದಿದ್ದವನು ಹೇಳುವ ಮಾತು ನೋಡಿ!

ಎರಡನೆಯ ಮಹಾಯುದ್ಧ ಶುರುವಾದ ವರ್ಷ ಸಾಹುಕಾರರು ಕಾರು ತಂದೇಬಿಟ್ಟರು. ಬೆಂಗಳೂರಿನ ದಂಡಿನ ಕಡೆ ಇದ್ದ ಯಾರೋ ಬಿಳಿಯ ದೊರೆ ತನ್ನ ಸೀಮೆಗೆ ವಾಪಸು ಹೋಗುವಾಗ ಮಾರಿದ್ದು. ಕಪ್ಪಗೆ, ಉದ್ದಕ್ಕೆ, ಮುಖ ನೋಡಿಕೊಳ್ಳಬಹುದಾದ ಹೊಳಪು. ಅದನ್ನು ತಂದು ಬಿಟ್ಟ ಬೆಂಗಳೂರಿನ ಡ್ರೈವರು ಮಂಡಿ ಅಂಗಳದಲ್ಲಿ ನಮಗೆಲ್ಲ ಅದರ ಗುಣ ವಿವರಿಸಿದ. ನೆಲದಿಂದ ಎದ್ದ ಗೇರಿನ ಕಡ್ಡಿಯೇ ಇಲ್ಲ. ಸ್ಟೇರಿಂಗಿನ ಕೆಳಗೆ ಬೆರಳಿನಷ್ಟು ಚಿಕ್ಕ ಕಡ್ಡಿ. ಮುಂದೆ ಯಾವ ಗೇರು ಬೇಕೋ ಅದನ್ನು ಮೊದಲೇ ಅಲ್ಲಿ ತೋರಿಸಿಟ್ಟುಬಿಡುವುದು. ತೋರಿಸಿದ ಮಾತ್ರಕ್ಕೆ ಏನೂ ಆಗುವುದಿಲ್ಲ. ಬೇಕೆನಿಸಿದಾಗ ಎಡಗಾಲಿನ ಪೆಡಲನ್ನು ಒಮ್ಮೆ ತುಳಿದು ಬಿಟ್ಟರೆ ಕಾರು ತಾನೇ ಗೇರು ಬದಲಾಯಿಸಿಕೊಳ್ಳುತ್ತದೆ. ಹಲ್ಲು ತಾಗುವ ಮಾತಿಲ್ಲ, ಕಿವಿಗೊಟ್ಟು ಕೇಳುವ ಕೆಲಸವಿಲ್ಲ. ಹಿಂದಕ್ಕೆ ಹೋಗುವ ಗೇರಿಗೆ ಮಾತ್ರ ಕಡ್ಡಿಯನ್ನು ಕೊಂಚ ಎತ್ತಿ ಸರಿಸಬೇಕು, ಕೈ ತಪ್ಪಿ ಅಲ್ಲಿಗೆ ಹೋಗದಿರಲಿ ಎಂದು.

"ಒಂದು ನೆನಪಿಟ್ಟುಕೊಳ್ಳಿ," ಎಂದ ಅವನು, "ಪೆಡಲು ನೆಲ ಮುಟ್ಟೋ ಹಾಗೆ ತುಳೀಬೇಕು. ಅರ್ಧಂಬರ್ಧ ಒತ್ತಿದರೆ ಗೇರೂ ಬೀಳಲ್ಲ, ಪೆಡಲು ಕತ್ತೆ ಒದ್ದ ಹಾಗೆ ಒದೆಯುತ್ತೆ."

ಕರಿಸಿದ್ದಯ್ಯ ಹೊಸ ಪಂಚೆ ಉಟ್ಟು ಬಂದಿದ್ದ. ಕಾರಿಗೆ ಕೈ ಮುಗಿದು ಒಳಗೆ ಕುಳಿತ. ಕಡ್ಡಿಯನ್ನು ಒಂದನೇ ಗೇರಿನಲ್ಲಿಟ್ಟ. ಆಮೇಲೆ ಅವನ ಎಡಗಾಲು ತಾನು ಕಲಿತ ವಿದ್ಯೆಯನ್ನೇ ತೋರಿಸಿತು: ಹೂವಿನ ಮೇಲೆ ಕಾಲಿಟ್ಟಂತೆ ಹಗುರವಾಗಿ ಒಂದು ಅರ್ಧ ಒತ್ತು. ಪೆಡಲು ಫಟಾರನೆ ಹಿಂದಕ್ಕೆ ಬಂದು ಮೊಣಕಾಲಿನ ಕೆಳಗೆ ಬಡಿಯಿತು. "ಅಯ್ಯಯ್ಯಪ್ಪೋ!" ಎಂದ. ಇನ್ನೊಮ್ಮೆ ಒತ್ತಿದ, ಇನ್ನೊಮ್ಮೆ ಪೆಟ್ಟು ತಿಂದ. ಗಟ್ಟಿಯಾಗಿ ತುಳಿಯಬೇಕೆಂದು ತಲೆಗೆ ಗೊತ್ತು, ಕಾಲು ಕೇಳಬೇಕಲ್ಲ? ಹೊಸ ಪಂಚೆಯ ಮೇಲೆ ರಕ್ತದ ಕಲೆ ಕಂಡಿತು. ಅಂಗಳದಲ್ಲಿ ನಿಂತಿದ್ದವರು ಮೊದಲು ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು, ಆಮೇಲೆ ಕೈ ತೆಗೆದೇ ನಕ್ಕರು.

"ಎಲ್ಲಿ, ಆ ಉಡುಗ ಒಂದ್ಕಿತ ನೋಡ್ಲಿ," ಎಂದರು ಸಾಹುಕಾರರು.

ಕೆಂಪಸಿದ್ದಯ್ಯ ಹತ್ತಿ ಕುಳಿತವನೇ ಎಂದಿನಂತೆ ಕೆಸರು ತುಳಿದಂತೆ ದಡ್ಡನೆ ತುಳಿದ. ಕಾರು ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಮುಂದಕ್ಕೆ ಸರಿಯಿತು. ಅಂಗಳ ಸುತ್ತಿಸಿ, ಗೇಟು ದಾಟಿಸಿ, ಪೇಟೆ ಬೀದಿಯಲ್ಲಿ ಒಂದು ಸುತ್ತು ಹಾಕಿಸಿಕೊಂಡು ಬಂದ. ಗೇರಿನ ಸದ್ದೇ ಇಲ್ಲ. ಅದೇ ದಿನ ಕಾರು ಅವನ ಪಾಲಾಯಿತು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎನ್ನುತ್ತಾರೆ. ಇಲ್ಲಿ ಹಲ್ಲಿಲ್ಲದವನಿಗೆ ಯಾರೋ ಕಡಲೆಯನ್ನು ಪುಡಿ ಮಾಡಿ ಬಾಯಿಗೇ ಹಾಕಿದ್ದರು.

ಅಂದಿನಿಂದ ಕರಿಸಿದ್ದಯ್ಯನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಬಾಮೈದನಿಗೆ ಸಾಹುಕಾರರು ಖಾಕಿ ಕೋಟು ಹೊಲಿಸಿದರು, ಹೊಟ್ಟೆ ಉರಿಯಿತು. ತಲೆಗೊಂದು ಟೋಪಿ ಕೊಡಿಸಿದರು, ಇನ್ನಷ್ಟು ಉರಿಯಿತು. ಬಸ್ಸಿನಲ್ಲಿ ಯಾರಾದರೂ ಕಾರಿನ ಮಾತೆತ್ತಿದರೆ ಅವನು ಬೇಕೆಂದೇ ಹಳ್ಳ ಹುಡುಕಿ ಬಸ್ಸನ್ನು ಇಳಿಸುತ್ತಿದ್ದ. ನಾನು ಟಿಕೆಟ್ಟಿನ ಚೀಲ ಹಿಡಿದುಕೊಂಡು ಕಂಬಕ್ಕೆ ತಲೆ ಹೊಡೆದುಕೊಂಡದ್ದಕ್ಕೆ ಲೆಕ್ಕವಿಲ್ಲ.

"ಅದೂ ಒಂದು ಡ್ರೈವರ್‌ಕೆನೇನ್ಲಾ?" ಎನ್ನುತ್ತಿದ್ದ ನನಗೆ. "ಮೊದ್ಲೇ ಬೊಟ್ಟು ಮಾಡಿ ತೋರ್ಸೋದು, ಆಮ್ಯಾಕೆ ಒದೆಯೋದು. ದನ ಕಾಯೋನೂ ಮಾಡ್ತಾನೆ."

ಮಂಡ್ಯದ ಕಡೆಯಿಂದ ಬರುತ್ತಿದ್ದ ಒಬ್ಬ ಎಂಜಿನಿಯರು ಒಂದು ದಿನ ಬಸ್ಸಿನಲ್ಲಿ ಇನ್ನೊಂದು ಸುದ್ದಿ ಹೇಳಿದರು. ಅಮೆರಿಕದಲ್ಲಿ ಪೆಡಲನ್ನೂ ಒತ್ತಬೇಕಿಲ್ಲದ ಕಾರು ಬಂದಿದೆಯಂತೆ. ಎಣ್ಣೆಯ ಬಲದಿಂದ ಗೇರು ತನ್ನಷ್ಟಕ್ಕೆ ಏರುತ್ತದಂತೆ, ತನ್ನಷ್ಟಕ್ಕೆ ಇಳಿಯುತ್ತದಂತೆ. ಕರಿಸಿದ್ದಯ್ಯನ ಮುಖ ಎಷ್ಟೋ ದಿನದ ಮೇಲೆ ಅರಳಿತು. ನನಗೆ ಆಶ್ಚರ್ಯ.

"ಅಂತಾ ಕಾರು ಬರ್ಲಿ ಕಣ್ಲಾ ಅಂಕ," ಎಂದ. "ಕೆಂಪನ ಕಾಲ್ಗೂ ಕೆಲ್ಸ ಇರಾಕಿಲ್ಲ. ಆಗ ನೋಡು ಅವ್ನ ಟೋಪಿನ." ತನ್ನ ಕೈಗೂ ಕೆಲಸ ಇರುವುದಿಲ್ಲ ಎಂಬುದು ಅವನ ತಲೆಗೇ ಹೋಗಲಿಲ್ಲ. ಎದುರು ಮನೆ ಸುಡುವುದಾದರೆ ತನ್ನ ಹಿತ್ತಿಲೂ ಸುಡಲಿ ಎನ್ನುವ ಸ್ಥಿತಿಗೆ ಮುಟ್ಟಿದ್ದ.

ಮನೆಯಲ್ಲಿ ಸೋಮಮ್ಮನ ಪಾಡು ಬಿಸಿತುಪ್ಪದಂತೆ, ಉಗುಳಲೂ ಆಗದು, ನುಂಗಲೂ ಆಗದು. ತಮ್ಮ ಒಂದು ದಿನ ಅಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ಸೋಮನಹಳ್ಳಿಯ ತನಕ ಹೋಗಿಬಂದ. ಅದು ಗಂಡನ ಕಿವಿಗೆ ಬಿತ್ತು. "ಇನ್ನೊಂದ್ಕಿತ ಆ ಕಾರಿನ್ ತಾವ ಕಂಡ್ರೆ ನೋಡು ಅಮ್ಮಿ, ನೀನು ನಿನ್ ತವ್ರು ಮನೇಲೇ ಇರ್ಬೇಕಾಯ್ತದೆ," ಎಂದು ಅವನು ಕೂಗಾಡಿದ್ದು ಬೀದಿಗೆಲ್ಲ ಕೇಳಿತು. ಕೆಂಪಸಿದ್ದಯ್ಯ ಅವರ ಮನೆ ಬಿಟ್ಟು ಮಂಡಿಯ ಹಿಂದಿನ ಕೋಣೆಗೆ ಹೋದ.

ಮರುವರ್ಷದ ಆಯುಧಪೂಜೆ ಬಂತು. ಪ್ರತಿ ವರ್ಷವೂ ಮಂಡಿ ಅಂಗಳದಲ್ಲಿ ಬಸ್ಸಿಗೆ ಪೂಜೆ. ಬಾಳೆಕಂದು ಕಟ್ಟಿ, ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದು, ಮುಂದಿನ ಗಾಲಿಗಳ ಕೆಳಗೆ ನಿಂಬೆಹಣ್ಣು ಇಡುವುದು. ಡ್ರೈವರು ಬಸ್ಸನ್ನು ಮುಂದಕ್ಕೆ ನಡೆಸಿ ಹಣ್ಣು ಅಪ್ಪಚ್ಚಿ ಮಾಡಬೇಕು. ಆಮೇಲೆ ಸಾಹುಕಾರರು ತಮ್ಮ ಕೈಯಾರೆ ಅವನಿಗೆ ಮೊದಲ ತಾಂಬೂಲ ಕೊಡುತ್ತಿದ್ದರು. ವರ್ಷಕ್ಕೊಂದು ಬೆಳಗ್ಗೆ ಕರಿಸಿದ್ದಯ್ಯ ಮದ್ದೂರಿಗೆ ದೊಡ್ಡವನಾಗುತ್ತಿದ್ದ. ಆ ವರ್ಷ ಸಾಹುಕಾರರು, "ಮೊದ್ಲು ಕಾರು, ಆಮ್ಯಾಕೆ ಬಸ್ಸು," ಎಂದರು. ಹೇಳಿ ಅವರು ಎಲೆ ಅಡಿಕೆ ಹಾಕಿಕೊಂಡರು. ಅವರಿಗೆ ಅದು ಅಷ್ಟೇ ಮಾತು.

ಅಂದು ಬೆಳಗ್ಗೆ ನಾನು ಬಸ್ಸಿಗೆ ಬಾಳೆಕಂದು ಕಟ್ಟುತ್ತಿದ್ದರೆ, ಕರಿಸಿದ್ದಯ್ಯ ಚೆಂಡುಹೂವಿನ ದಪ್ಪ ಹಾರವೊಂದನ್ನು ಹಿಡಿದು ಕಾರಿನ ಕಡೆಗೆ ಹೋದ. ಬಾಗಿಲು ತೆಗೆದು ಒಳಗೆ ಬಗ್ಗಿ, ಸ್ಟೇರಿಂಗಿಗೆ ತಾನೇ ಹಾರ ಸುತ್ತಿದ. ಕೆಂಪಸಿದ್ದಯ್ಯನ ಕಣ್ಣಲ್ಲಿ ನೀರು ಬಂತು. "ನಮ್ ಬಾವ ಚಿನ್ನ ಕಣಣ್ಣ," ಎಂದ ನನ್ನ ಹತ್ತಿರ. ನನಗೂ ಸಮಾಧಾನವಾಯಿತು. ಕಿಚ್ಚು ಆರಿತಲ್ಲ, ಇನ್ನು ಬಸ್ಸು ಹಳ್ಳಕ್ಕಿಳಿಯುವುದಿಲ್ಲ ಎಂದುಕೊಂಡೆ.

ಕೆಂಪಸಿದ್ದಯ್ಯನಿಗೆ ಒಂದು ಶೋಕಿಯಿತ್ತು. ಕಾರು ನಿಲ್ಲಿಸಿ ಇಳಿಯುವ ಮುಂಚೆ ಕಡ್ಡಿಯನ್ನು ಒಂದನೇ ಗೇರಿಗೆ ತೋರಿಸಿಟ್ಟೇ ಇಳಿಯುವನು. ಮತ್ತೆ ಹೊರಡುವಾಗ ಕಡ್ಡಿಯ ಕಡೆ ನೋಡದೆ, ಕೈ ಮುಟ್ಟಿಸದೆ, ಒಂದೇ ಸಲ ತುಳಿದು ಹೊರಟುಬಿಡುವನು. ನೋಡುವವರಿಗೆ ಕಾರು ಇವನ ಮನಸ್ಸು ತಿಳಿದು ಓಡಿದಂತೆ ಕಾಣಬೇಕು. ಅಂದು ದೇವರಿಗೆ ಕೈ ಮುಗಿದುಕೊಂಡೇ ಹೊರಡಿಸುತ್ತೇನೆಂದು ಪೇಟೆಯವರಿಗೆಲ್ಲ ಹೇಳಿಕೊಂಡು ಬಂದಿದ್ದ.

ಕಾರಿನ ಮುಖ ಗೇಟಿನ ಕಡೆಗಿತ್ತು. ಹಿಂದೆ ಒಬ್ಬರು ನಿಲ್ಲುವಷ್ಟು ಸಂದು ಬಿಟ್ಟು ಚಾವಡಿಯ ಕಲ್ಲಿನ ಗೋಡೆ. ಪಕ್ಕದಲ್ಲೇ ಬಸ್ಸು. ಕರಿಸಿದ್ದಯ್ಯ ತನ್ನ ಸರದಿಗೆಂದು ಆಗಲೇ ಬಸ್ಸಿನ ಸೀಟಿನ ಮೇಲೆ ಹತ್ತಿ ಕುಳಿತಿದ್ದ, ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಕುಂಬಳಕಾಯಿ ಒಡೆದದ್ದಾಯಿತು. ಕಾರಿನ ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟದ್ದಾಯಿತು. ಕೆಂಪಸಿದ್ದಯ್ಯ ಎಂಜಿನ್ ಚಾಲೂ ಮಾಡಿ, ಟೋಪಿ ಸರಿಮಾಡಿಕೊಂಡು, ಎರಡೂ ಕೈ ಎತ್ತಿ ಮುಗಿದ. ಅಂಗಳದಲ್ಲಿದ್ದವರೆಲ್ಲ ನಿಂಬೆಹಣ್ಣನ್ನು ನೋಡುತ್ತಿದ್ದರು. ಕರಿಸಿದ್ದಯ್ಯ ಒಬ್ಬ ಮಾತ್ರ ಕತ್ತು ಹೊರಳಿಸಿ ಕಾರಿನ ಹಿಂದಿನ ಗೋಡೆಯ ಕಡೆ ನೋಡುತ್ತಿದ್ದ. ಅದೇಕೆಂದು ನಾನು ಕೇಳಬೇಕೆನ್ನುವಷ್ಟರಲ್ಲಿ ಅವನ ಮುಖ ಸುಣ್ಣದ ಹಾಗಾಯಿತು.

ಆ ಸಂದಿನಲ್ಲಿ ಹಸಿರು ಸೀರೆ. ಸೋಮಮ್ಮ. ತಮ್ಮನ ಮೊದಲ ಪೂಜೆ ನೋಡದೆ ಇರಲಾರದೆ ಬಂದಿದ್ದಳು. ಗಂಡನ ಕಣ್ಣಿಗೆ ಬಿದ್ದರೆ ತವರಿಗೆ ಅಟ್ಟುತ್ತಾನೆಂದು ಕಾರಿನ ಬೆನ್ನಿಗೆ ಅವಿತು ನಿಂತಿದ್ದಳು.

"ತುಳೀಬ್ಯಾಡ ಕಣ್ಲಾ ಕೆಂಪಾ! ಇಂದುಕ್ಕೆ ಮಡಗೀವ್ನಿ! ಇಂದ್ಗಡೆ ನಿಮ್ಮಕ್ಕ ಅವ್ಳೆ!"

ಆ ಕೂಗಿಗೆ ಬಾಳೆಕಂದಿನ ಮೇಲಿದ್ದ ಕಾಗೆ ಹಾರಿತು. ಕೆಂಪಸಿದ್ದಯ್ಯನ ಕಾಲು ಆಗಲೇ ಪೆಡಲಿನ ಮೇಲಿತ್ತು. ಬೆಚ್ಚಿಬಿದ್ದು, ಹುಟ್ಟಿದ ಮೇಲೆ ಮೊದಲ ಸಲ ಅವನ ಕಾಲು ಅರ್ಧಕ್ಕೆ ನಿಂತಿತು. ಪೆಡಲು ಫಟಾರನೆ ತಿರುಗಿ ಬಂದು ಮೊಣಕಾಲಿನ ಕೆಳಗೆ ಬಡಿಯಿತು. ಗಾಬರಿಯಲ್ಲಿ ಬಲಗಾಲು ಒತ್ತಿದ್ದಕ್ಕೆ ಎಂಜಿನ್ ಬೊಬ್ಬೆ ಹೊಡೆಯಿತು, ಆದರೆ ಗೇರು ಬಿದ್ದಿರಲಿಲ್ಲ. ಕಾರು ನಿಂತಲ್ಲೇ ನಿಂತಿತ್ತು. ಒಂದು ವರ್ಷದ ಕೆಳಗೆ ಕರಿಸಿದ್ದಯ್ಯನ ಕೈಯಿಂದ ಕಾರು ಕಿತ್ತುಕೊಂಡ ಅರ್ಧ ಒತ್ತು ಅಂದು ಅವನ ಹೆಂಡತಿಯನ್ನು ಉಳಿಸಿತು.

ಎಂಜಿನ್ ಆರಿಸಿದರು. ಯಾರೋ ಹಾರ ಸರಿಸಿ ನೋಡಿದರೆ ಚಿಕ್ಕ ಕಡ್ಡಿ ಹಿಂದಿನ ಗೇರಿನಲ್ಲಿ ಕುಳಿತಿದೆ. ಎತ್ತಿ ಸರಿಸದೆ ತಾನಾಗಿ ಹೋಗುವ ಜಾಗವಲ್ಲ ಅದು. ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ಇವನು ಯಾರೂ ಕಳ್ಳ ಎನ್ನುವ ಮೊದಲೇ ಊರಿಗೆ ಕೇಳುವಂತೆ ಕೂಗಿ ಹೇಳಿದ್ದ.

ಬಸ್ಸಿನಿಂದ ಅವನು ಇಳಿದು ಬಂದ. ಕೆಂಪಸಿದ್ದಯ್ಯ ಕಾಲು ಹಿಡಿದುಕೊಂಡು, "ಯಾಕ್ ಬಾವ? ನಾನೇನ್ ಮಾಡಿದ್ದೆ ನಿಂಗೆ?" ಎಂದ.

"ಕಾರು ಇಂದುಕ್ಕೋಗಿ ಗ್ವಾಡೆಗೆ ಒಂದ್ ಗುದ್ದು ಗುದ್ಲಿ, ಜನ ನಗ್ಲಿ ಅಂತ," ಎಂದ ಕರಿಸಿದ್ದಯ್ಯ. "ನನ್ ನೋಡಿ ನಕ್ರಲ್ಲ, ಅಂಗೆ. ಒಟ್ಟೆಕಿಚ್ಚು ಕಣ್ಲಾ. ತಡಿಯಕ್ಕೆ ಆಗ್ಲಿಲ್ಲ."

ಸಾಹುಕಾರರು ಕೆಂಡವಾಗಿ ಬೈದರು. ಕೆಲಸ ಬಿಡಿಸುತ್ತೇನೆಂದರು. ಆದರೆ ಮಳವಳ್ಳಿಯ ಕೆರೆ ಏರಿಯ ಮೇಲೆ ಆ ಬಸ್ಸನ್ನು ಹತ್ತಿಸುವವನು ಇನ್ನೊಬ್ಬನಿರಲಿಲ್ಲ, ಅದೂ ಅವರಿಗೆ ಗೊತ್ತು. ಅಂದಿನ ತಾಂಬೂಲ ಯಾರ ಕೈಗೂ ಹೋಗಲಿಲ್ಲ, ತಟ್ಟೆಯಲ್ಲೇ ಒಣಗಿತು.

ಸೋಮಮ್ಮ ಸಂದಿನಿಂದ ಹೊರಗೆ ಬಂದು ಸೀರೆ ಕೊಡವಿಕೊಂಡಳು. ಆಕೆ ಅಳುತ್ತಾಳೆಂದುಕೊಂಡಿದ್ದೆವು. ಅಳಲಿಲ್ಲ. ಗಂಡನ ಮುಂದೆ ಬಂದು ನಿಂತಳು.

"ನಿನ್ ಬೆನ್ನಿಂದೆ ಇರೋ ಸೀಟ್ನಲ್ಲಿ ಎಷ್ಟ್ ವರ್ಸ ಕುಂತ್ಕಂಡ್ ಬಂದಿವ್ನಿ ನಾನು? ನಿನ್ ಎಡ್ಗಾಲು ಎರಡ್ ಕಿತ ಒತ್ತೋದ ನೋಡಿಲ್ವಾ? ನನ್ ತಮ್ಮಂಗೆ ಒಂದೇ ಒತ್ತು ಏಳ್ಕೊಟ್ಟೆ. ಇನ್ನೊಂದ ಮುಚ್ಚಿಕ್ಕಂಡೆ. ಜನ ರಾಗಿ ಬೀಸ್ತಾನೆ ಅಂತ ಅವ್ನ ಆಡ್ಕಂಡಾಗ ನೀನು ಕಿಟ್ಕಿ ಕಡೆ ತಿರುಗ್ಕಂಡು ನಗ್ತಿದ್ದೆ. ಗಂಡನ ಗುಟ್ಟು ಅಂತ ನಾನು ಬಾಯಿ ಬುಡ್ಲಿಲ್ಲ. ನೀನು ಅವ್ನಿಗೆ ಏಳ್ಕೊಟ್ಟಿದ್ರೆ ಇವತ್ತು ಬಸ್ಸು ಅವ್ನ್ದು, ಕಾರು ನಿಂದು."

ಇದನ್ನು ಕರಿಸಿದ್ದಯ್ಯ ಎಂದೂ ಹೀಗೆ ಯೋಚಿಸಿರಲಿಲ್ಲ. ಬಸ್ಸನ್ನು ಹತ್ತಿಸುವ ಇನ್ನೊಬ್ಬನಿದ್ದಿದ್ದರೆ ಸಾಹುಕಾರರು ಇವನಿಗೆ ಹೊಸ ಪೆಡಲು ಕಲಿಯಲು ನಾಲ್ಕು ದಿನ ಕೊಡುತ್ತಿದ್ದರು. ಇರಲಿಲ್ಲ. ಇರದ ಹಾಗೆ ನೋಡಿಕೊಂಡವನು ತಾನೇ.

"ಅದ್ನ ಅವ್ನಿಗೆ ಏಳ್ಕೊಡೋಗಂಟ ನಿನ್ ಬಸ್ ನಾನು ಅತ್ತಾಕಿಲ್ಲ," ಎಂದು ಸೋಮಮ್ಮ ಹೊರಟಳು. ಆಡಿದಂತೆ ನಡೆದಳು. ಸಂತೆಗೆ ಹೋಗುವಾಗ ಬಸ್ಸು ಪಕ್ಕದಲ್ಲೇ ಹಾದರೂ ತಲೆಯ ಮೇಲೆ ಕುಕ್ಕೆ ಹೊತ್ತು ನಡೆದೇ ಹೋಗುತ್ತಿದ್ದಳು. ಅವನು ಹಾರನ್ ಒತ್ತುತ್ತಿದ್ದ, ನಿಧಾನ ಮಾಡುತ್ತಿದ್ದ. ಆಕೆ ತಿರುಗಿ ನೋಡುತ್ತಿರಲಿಲ್ಲ. ಆದರೂ ಅವನು ಹೇಳಿಕೊಡಲಿಲ್ಲ. ಹೊಟ್ಟೆಕಿಚ್ಚು ಹುಲ್ಲಿನ ಬೆಂಕಿಯಲ್ಲ, ಹೊಟ್ಟಿನ ಬೆಂಕಿ. ಮೇಲೆ ಬೂದಿ, ಒಳಗೆ ಕೆಂಡ.

ಆಮೇಲೆ ಯುದ್ಧದ ದೆಸೆಯಿಂದ ಪೆಟ್ರೋಲಿಗೆ ಬರ ಬಂತು. ಕಾರನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿ, ಗಾಲಿ ಬಿಚ್ಚಿ, ಗೋಣಿತಾಟು ಹೊದಿಸಿದರು. ನಮ್ಮ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದರು, ಅದರ ಗ್ಯಾಸಿನಿಂದಲೇ ಎಂಜಿನ್ನು ಓಡಬೇಕು. ಇದ್ದಿಲ ಗ್ಯಾಸಿಗೆ ಕಸುವು ಕಡಿಮೆ, ಸಣ್ಣ ಏರಿಗೂ ಗೇರು ಇಳಿಸಬೇಕು. ಕರಿಸಿದ್ದಯ್ಯನ ವಿದ್ಯೆಗೆ ಅಷ್ಟು ಬೆಲೆ ಹಿಂದೆಂದೂ ಇರಲಿಲ್ಲ. ಕೆಂಪಸಿದ್ದಯ್ಯ ಖಾಕಿ ಕೋಟು ಬಿಚ್ಚಿಟ್ಟು ಅದೇ ಬಸ್ಸಿನ ಒಲೆಗೆ ಇದ್ದಿಲು ತುಂಬುವ ಕೆಲಸಕ್ಕೆ ಬಂದ. ಗೆದ್ದೆ ಎಂದು ಕರಿಸಿದ್ದಯ್ಯ ಕುಣಿಯಬೇಕಿತ್ತು. ಮಸಿ ಬಳಿದ ಆ ಮುಖ, ಕಾಲಿನ ಮೇಲಿನ ಆ ಗಾಯದ ಗುರುತು ಕಂಡಾಗಲೆಲ್ಲ ಅವನು ತನ್ನ ಕಾಲಿನ ಗುರುತನ್ನು ತುರಿಸಿಕೊಳ್ಳುತ್ತಿದ್ದ.

ಒಂದು ಬೆಳಗ್ಗೆ ಮಳವಳ್ಳಿಯಿಂದ ಖಾಲಿ ಬಸ್ಸು ಬರುತ್ತಿತ್ತು. ಮುಂದೆ ಸೋಮಮ್ಮ ಕುಕ್ಕೆ ಹೊತ್ತು ನಡೆಯುತ್ತಿದ್ದಳು. ಕೆರೆ ಏರಿಯ ಬುಡದಲ್ಲಿ ಕರಿಸಿದ್ದಯ್ಯ ಬಸ್ಸು ನಿಲ್ಲಿಸಿದ, ಸೀಟು ಬಿಟ್ಟು ಎದ್ದ.

"ಬಾರ್ಲಾ ಕೆಂಪ, ಕುಂತ್ಕೋ. ಒರಡ್ಸು. ಏರು ಬಂತು, ಒತ್ತು, ಗೇರು ಬುಡ್ಸು. ಈಗ ಕಾಲು ತಗಿ. ವಸಿ ಬುಸ್ ಅನ್ಸು. ಊಂ, ಈಗ ಇನ್ನೊಂದ್ಕಿತ ಒತ್ತು. ತುಳೀಬ್ಯಾಡ, ಒತ್ತು. ಈಗ ಆಕು."

ಕಡ್ಡಿ ನೀರಿಗಿಳಿದಂತೆ ಇಳಿಯಿತು. ಬಸ್ಸು ಏರಿ ಹತ್ತಿತು. ಮೇಲೆ ಮತ್ತೆ ಬದಲಾಯಿಸಿದ, ಮತ್ತೆ ಸದ್ದಿಲ್ಲ. ಕೆಂಪಸಿದ್ದಯ್ಯನ ಮಸಿಯ ಮುಖದಲ್ಲಿ ಹಲ್ಲೆಲ್ಲ ಕಂಡವು. ಬಸ್ಸು ಸೋಮಮ್ಮನ ಪಕ್ಕ ನಿಂತಿತು. ಆಕೆ ಡ್ರೈವರ ಸೀಟನ್ನು ನೋಡಿದಳು, ಗಂಡನನ್ನು ನೋಡಿದಳು. ಕುಕ್ಕೆಯನ್ನು ನನ್ನ ಕೈಗೆ ಕೊಟ್ಟು ಹತ್ತಿ ತನ್ನ ಹಳೆಯ ಜಾಗದಲ್ಲಿ ಕುಳಿತಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳಿಗೆ ಜೊಂಪು ಹತ್ತಿತು.

ಕರಿಸಿದ್ದಯ್ಯ ನನ್ನ ಪಕ್ಕ, ಟಿಕೆಟು ಕೊಂಡವನ ಹಾಗೆ ಕಂಬ ಹಿಡಿದು ಕುಳಿತಿದ್ದ. ಬಾಮೈದ ಮತ್ತೊಮ್ಮೆ ಗೇರು ಬದಲಾಯಿಸಿದ. ಸೋಮಮ್ಮನಿಗೆ ಎಚ್ಚರವಾಗಲಿಲ್ಲ.

"ಸದ್ದು ಬಂತೇನ್ಲಾ ಅಂಕ?" ಎಂದು ಕರಿಸಿದ್ದಯ್ಯ ಪಿಸುಗುಟ್ಟಿದ.

"ಇಲ್ಲ ಕಣಣ್ಣ."

"ವಸಿನೂ?"

"ವಸಿನೂ ಇಲ್ಲ."

ಅವನು ನಿದ್ದೆ ಹೋದ ಹೆಂಡತಿಯನ್ನು ನೋಡಿದ. ಆಮೇಲೆ ಕಿಟಕಿಯ ಕಡೆ ತಿರುಗಿ ಕುಳಿತ. ಈ ಸಲ ನಗುತ್ತಿರಲಿಲ್ಲ.

"ಒಂಚೂರಾರ ಬಂದಿದ್ರೆ ಚೆಂದಾಗಿತ್ತು ಕಣ್ಲಾ," ಎಂದ.